ಪಾಲಿಗೆ ಬಂದ ಮೇಕೆ

2023ರ ಆಗಸ್ಟ್ ತಿಂಗಳ ಕೊನೆಯ ವಾರದಲ್ಲಿ ಪಕ್ಕದ ಮನೆಯ ಅಜ್ಜಿ ಸುಮಾರು ಮೂರು ತಿಂಗಳ ಗಬ್ಬದ ಮೇಕೆಯೊಂದನ್ನು ಹಗ್ಗ ಹಿಡಿದು ತಂದು ನಮ್ಮ ಕೊಟ್ಟಿಗೆಯ ಗೂಟಕ್ಕೆ ಕಟ್ಟಿದರು. ಅದು ದಾನವಲ್ಲ, ಮಾರಾಟವೂ ಅಲ್ಲ. ನಮ್ಮ ಕಡೆ ಅದಕ್ಕೆ ಪಾಲಿಗೆ ಕೊಡುವುದು ಎನ್ನುತ್ತಾರೆ. ಜಗಲಿಯ ಮೇಲೆ ಕುಳಿತು, ಎಲೆ ಅಡಿಕೆ ಹಾಕಿಕೊಂಡು, ಅಜ್ಜಿ ಷರತ್ತುಗಳನ್ನು ಒಂದೊಂದಾಗಿ ಹೇಳಿದರು. ತಾಯಿ ಮೇಕೆ ಅವರದೇ. ಮೇವು ಮತ್ತು ಆರೈಕೆ ನಮ್ಮದು. ಹುಟ್ಟಿದ ಮರಿಗಳು ಆರು ತಿಂಗಳು ನಮ್ಮಲ್ಲೇ ಬೆಳೆದು ಆಮೇಲೆ ಪಾಲಾಗಬೇಕು. ಮೊದಲ ಸೂಲಿನಲ್ಲಿ ಆರಿಸಿಕೊಳ್ಳುವ ಹಕ್ಕು ಅವರದು, ಎರಡನೆಯದರಲ್ಲಿ ನಮ್ಮದು, ಮುಂದೆ ಹಾಗೆಯೇ ಸರದಿ. ಒಂದೇ ಮರಿಯಾದರೆ ಮಾರಿ ಬಂದ ಹಣ ಅರ್ಧರ್ಧ. ಗೊಬ್ಬರ ಪೂರ್ತಿ ಸಾಕಿದವರದು. ರೋಗ ಬಂದು ತಾಯಿ ಸತ್ತರೆ ನಷ್ಟ ಅವರದು, ನಮ್ಮ ಅಜಾಗ್ರತೆಯಿಂದ ನಾಯಿಯೋ ಚಿರತೆಯೋ ಹಿಡಿದರೆ ನಮ್ಮದು. ಕಾಗದವಿಲ್ಲ, ಸಾಕ್ಷಿಯಿಲ್ಲ. ನಾನು ನಮ್ಮೂರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳಾದ್ದರಿಂದ ಅಭ್ಯಾಸಬಲದಿಂದ ಇದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಮುಂದಿನ ಎರಡು ವರ್ಷ ಆ ಪುಸ್ತಕದಲ್ಲಿ ತುಂಬಿದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಊರು ಮಳವಳ್ಳಿ ತಾಲ್ಲೂಕಿನಲ್ಲಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಎಲ್ಲರಿಗೂ ಸಿಕ್ಕಿ ಮುಗಿದ ಮೇಲೆ ನಮಗೆ ಸಿಗುತ್ತದೆ. ಆ ವರ್ಷ ಅದೂ ಸಿಗಲಿಲ್ಲ. ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ ವರ್ಷ ಅದು. ಎರಡು ಎಕರೆ ಕಬ್ಬು ಗರಿ ಒಣಗಿ ನಿಂತಿತ್ತು, ರಾಗಿ ಹೊಲದಲ್ಲಿ ಪೈರು ಮೊಣಕಾಲಿನ ಎತ್ತರಕ್ಕೂ ಏಳಲಿಲ್ಲ. ಅಂತಹ ಹೊತ್ತಿನಲ್ಲಿ ಅಜ್ಜಿ ಮೇಕೆ ತಂದು ಕಟ್ಟಿದ್ದಕ್ಕೆ ಅವರ ಕಡೆಯ ಕಾರಣವೂ ಇತ್ತು. ಅವರಿಗೆ ಎಪ್ಪತ್ತು ದಾಟಿತ್ತು, ಸೊಪ್ಪು ಕಡಿದು ಹೊರಲು ಆಗುತ್ತಿರಲಿಲ್ಲ. ಆದರೂ ಮಾರುವ ಮನಸ್ಸಿರಲಿಲ್ಲ. "ಮಾರ್ಬುಟ್ರೆ ದುಡ್ಡಾಯ್ತದೆ, ದುಡ್ಡು ನಾಳೀಕ್ಕೆ ಇರಕಿಲ್ಲ ಕಣವ್ವ. ಜೀವ ಇದ್ರೆ ಜೀವ ಆಯ್ತದೆ" ಎಂದರು.

ನಮ್ಮ ಮನೆಯಲ್ಲಿ ಕಬ್ಬಿನ ಹಣ ಬರುವುದು ಯಜಮಾನರ ಖಾತೆಗೆ, ಅದೂ ಕಬ್ಬು ಕಡಿದು ಎಷ್ಟೋ ತಿಂಗಳ ಮೇಲೆ. ಬಂದ ದಿನವೇ ಗೊಬ್ಬರದಂಗಡಿಯ ಬಾಕಿಗೂ ಬೆಳೆಸಾಲಕ್ಕೂ ಹಂಚಿಹೋಗುತ್ತದೆ. ಮೇಕೆಯ ಹಣದ ದಾರಿಯೇ ಬೇರೆ. ನಮ್ಮ ಕೇರಿಯಲ್ಲಿ ಮೇಕೆ ಕಟ್ಟಿದ ಮನೆಗಳಲ್ಲೆಲ್ಲ ಅದನ್ನು ಸಾಕುವವಳು ಹೆಂಗಸು, ಯಾವಾಗ ಮಾರಬೇಕೆಂದು ತೀರ್ಮಾನಿಸುವವಳೂ ಬಹುಮಟ್ಟಿಗೆ ಅವಳೇ. 2019ರ ಜಾನುವಾರು ಗಣತಿಯಲ್ಲಿ ದೇಶದ ಮೇಕೆಗಳ ಸಂಖ್ಯೆ 14.88 ಕೋಟಿ ಎಂದಿದೆ, ಕರ್ನಾಟಕದಲ್ಲಿ 60 ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಎಷ್ಟೋ ಮೇಕೆಗಳು ಹೀಗೆ ಎರಡು ಮೂರರಂತೆ ಹಿತ್ತಿಲಿನ ಗೂಟಕ್ಕೆ ಕಟ್ಟಿದವು. ಯಾರ ಹೆಸರಿಗೆ ಪಹಣಿಯಿಲ್ಲವೋ, ಬ್ಯಾಂಕಿನಲ್ಲಿ ಯಾರಿಗೆ ಸಾಲ ಹುಟ್ಟುವುದಿಲ್ಲವೋ ಅವರ ಕೈಯಲ್ಲಿರುವ ಸ್ವತ್ತು ಅದು.

ಮೊದಲ ತಿಂಗಳು ಕಲಿತದ್ದೆಲ್ಲ ಮೇವಿನ ವಿಷಯ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಮಾತನ್ನು ನಂಬಿಕೊಂಡು ನಾನು ಸಿಕ್ಕಿದ ಹುಲ್ಲನ್ನು ತಂದು ನೆಲಕ್ಕೆ ಹಾಕುತ್ತಿದ್ದೆ. ಮೇಕೆ ಒಂದೆರಡು ಬಾಯಿ ಎತ್ತಿಕೊಂಡು, ಉಳಿದದ್ದನ್ನು ತುಳಿದು, ಅದರ ಮೇಲೆ ಹಿಕ್ಕೆ ಹಾಕಿ ಸುಮ್ಮನೆ ನಿಲ್ಲುತ್ತಿತ್ತು. ಒಮ್ಮೆ ಕಾಲು ತಗುಲಿದ ಮೇವನ್ನು ಅದು ಮತ್ತೆ ಮೂಸುವುದೂ ಇಲ್ಲ. ಹಸು ನೆಲ ನೋಡಿ ಮೇಯುತ್ತದೆ, ಮೇಕೆ ತಲೆಯೆತ್ತಿ ಮೇಯುತ್ತದೆ ಎಂಬುದನ್ನು ಅಜ್ಜಿ ಹೇಳಲಿಲ್ಲ, ಮಾಡಿ ತೋರಿಸಿದರು: ಹಲಸಿನ ಸೊಪ್ಪು, ಗೊಬ್ಬರದ ಗಿಡದ ಸೊಪ್ಪು, ಸುಬಾಬುಲ್ ಇವನ್ನು ಕಟ್ಟಾಗಿ ಬಿಗಿದು, ಮೇಕೆ ಕತ್ತು ಚಾಚಿದರೆ ಸಿಗುವಷ್ಟು ಎತ್ತರದಲ್ಲಿ ತೊಲೆಯಿಂದ ಇಳಿಬಿಟ್ಟರು. ಅಂದಿನಿಂದ ಒಂದು ಎಲೆಯೂ ಹಾಳಾಗಲಿಲ್ಲ. ಅದು ಮುಟ್ಟದ ಸೊಪ್ಪೂ ಇದೆಯೆಂದು ಕಂಡದ್ದು ಬೇಲಿಯ ಆಡುಸೋಗೆಯಲ್ಲಿ; ಬರಗಾಲದ ಆ ದಿನಗಳಲ್ಲಿಯೂ ಅದಕ್ಕೆ ಬಾಯಿ ಹಾಕಲಿಲ್ಲ.

ನಮ್ಮ ಊರಿನಲ್ಲಿ ರೇಷ್ಮೆಹುಳು ಸಾಕುವ ಮನೆಗಳಿವೆ. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಮತ್ತು ಎಲೆ ಮೇಕೆಗೆ ಬಹಳ ಒಗ್ಗುತ್ತದೆ. ಹುಳುವಿನ ಮನೆಗೆ ಔಷಧಿ ಹೊಡೆದ ದಿನ ಮಾತ್ರ ತರಬಾರದು. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಬಿಡಬಾರದು, ಹಸಿದ ಮೇಕೆಗೆ ಒಮ್ಮೆಲೇ ಕಾಳು ಹಿಂಡಿ ಸುರಿಯಬಾರದು. ಕರುಳು ಬೇನೆಗೆ ಅದೇ ದಾರಿ. ಇನ್ನೊಂದು ಎಚ್ಚರಿಕೆಯನ್ನು ಪಶುವೈದ್ಯರು ಹೇಳಿದರು: ಮಳೆಯಿಲ್ಲದೆ ಬಾಡಿದ ಎಳೆಯ ಜೋಳದ ಪೈರಿನಲ್ಲಿ ಸಯನೈಡ್ ವಿಷ ಸೇರಿರುತ್ತದೆ, ಮೇಕೆ ಅದನ್ನು ಮೇಯ್ದರೆ ಗಳಿಗೆಯಲ್ಲೇ ಬೀಳಬಹುದು. ಆ ವರ್ಷ ಬಾಡದ ಪೈರೇ ಇರಲಿಲ್ಲವಾದ್ದರಿಂದ ಈ ಮಾತನ್ನು ಸಂಘದ ಸಭೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ.

ರಾತ್ರಿಯ ಚಿಂತೆ ಬೇರೆ. ಕಬ್ಬಿನ ಗದ್ದೆಗಳು ಚಿರತೆಗೆ ಮನೆಯಂತಾಗಿವೆ. 2022ರ ಕೊನೆಯಲ್ಲಿ ಪಕ್ಕದ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ಮನುಷ್ಯರನ್ನೇ ಕೊಂದ ಭಯ ಇನ್ನೂ ಆರಿರಲಿಲ್ಲ. ಯಜಮಾನರು ಕೊಟ್ಟಿಗೆಗೆ ಹಳೆಯ ತಗಡಿನ ಬಾಗಿಲು ಹಾಕಿ ಒಳಗಿನಿಂದ ಅಗುಳಿ ಮಾಡಿಸಿದರು.

ಮೇಕೆ ಗಬ್ಬ ಕಟ್ಟಿದ ಮೇಲೆ ಐದು ತಿಂಗಳಿಗೆ, ಸುಮಾರು 150 ದಿನಕ್ಕೆ ಈಯುತ್ತದೆ. ನವೆಂಬರ್ ಮೊದಲ ವಾರದಲ್ಲಿ ಒಂದು ಸಂಜೆ ಅದು ಸೊಪ್ಪು ಬಿಟ್ಟು ಮೂಲೆ ಹಿಡಿಯಿತು. ಕೆಚ್ಚಲು ಬಿಗಿದು ಹೊಳೆಯುತ್ತಿತ್ತು, ಬಾಲದ ಬುಡದ ಎರಡೂ ಕಡೆ ಕುಳಿ ಬಿದ್ದಿತ್ತು, ಮುಂಗಾಲಿನಿಂದ ನೆಲ ಕೆರೆದು ಮಲಗುವುದು, ಏಳುವುದು ಮಾಡುತ್ತಿತ್ತು. ಅಜ್ಜಿ ಬಂದು ಬಾಗಿಲ ಬಳಿ ಕುಕ್ಕರುಗಾಲಿನಲ್ಲಿ ಕುಳಿತರು. ಮೊದಲ ಮರಿ, ಹೆಣ್ಣು, ತಾನಾಗಿಯೇ ಬಂತು. ಎರಡನೆಯದಕ್ಕೆ ಮೂತಿ ಕಂಡಿತು, ಒಂದು ಕಾಲು ಕಂಡಿತು, ಇನ್ನೊಂದು ಕಾಲು ಬರಲಿಲ್ಲ. ಮೇಕೆ ಕೂಗುವುದನ್ನು ನಿಲ್ಲಿಸಿ ಹಲ್ಲು ಕಡಿಯತೊಡಗಿತು. ಅಜ್ಜಿ ಬಳೆಗಳನ್ನು ಮೊಣಕೈಯವರೆಗೆ ಸರಿಸಿ, ಸೋಪು ಹಾಕಿ ಕೈ ತೊಳೆದು, ಹರಳೆಣ್ಣೆ ಸವರಿಕೊಂಡು, ಮರಿಯ ತಲೆಯನ್ನು ನಿಧಾನವಾಗಿ ಹಿಂದಕ್ಕೆ ತಳ್ಳಿ, ಒಳಗೆ ಮಡಿಸಿಕೊಂಡಿದ್ದ ಕಾಲನ್ನು ಎರಡು ಬೆರಳಲ್ಲಿ ಹುಡುಕಿ ನೇರ ಮಾಡಿದರು. ಮೇಕೆ ತಿಣುಕಿದಾಗ ಮಾತ್ರ ಎಳೆದರು, ಅದು ಬಿಟ್ಟಾಗ ಬಿಟ್ಟರು. ಹೊರಗೆ ಬಂದ ಗಂಡು ಮರಿಗೆ ಉಸಿರಿರಲಿಲ್ಲ. ಬಾಯಿ ಮೂಗಿನ ಲೋಳೆಯನ್ನು ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಹಿಂಗಾಲು ಹಿಡಿದು ತೂಗಿ, ಹುಲ್ಲುಕಡ್ಡಿಯನ್ನು ಮೂಗಿನ ಹೊಳ್ಳೆಯಲ್ಲಿ ಆಡಿಸಿದಾಗ ಅದು ಸೀನಿತು. ಆ ಸೀನಿನ ಸದ್ದು ನನಗೆ ಇನ್ನೂ ಕಿವಿಯಲ್ಲಿದೆ. ಹೊಕ್ಕುಳ ಬಳ್ಳಿಗೆ ದಾರ ಕಟ್ಟಿ, ಹೊಸ ಬ್ಲೇಡಿನಿಂದ ಕತ್ತರಿಸಿ, ಟಿಂಚರ್ ಅಯೋಡಿನ್ ಹಚ್ಚಿದೆವು. ಗೊರಸುಗಳು ಹಳದಿ ಮೇಣದಂತೆ ಮೆತ್ತಗಿದ್ದವು. ಒಂದು ಗಂಟೆಯೊಳಗೆ ಅದೇ ಗೊರಸಿನ ಮೇಲೆ ತಡವರಿಸುತ್ತ ನಿಂತು ಎರಡೂ ಗಿಣ್ಣುಹಾಲಿಗೆ ಬಾಯಿ ಹಾಕಿದವು. ಮೊದಲ ಗಂಟೆಗಳ ಗಿಣ್ಣು ತಪ್ಪಿದ ಮರಿಗೆ ರೋಗ ತಡೆಯುವ ಶಕ್ತಿ ಬರುವುದಿಲ್ಲವೆಂದು ವೈದ್ಯರು ಹೇಳುವುದೂ, ಮಾಸು ಬೀಳುವುದನ್ನು ಕಾಯದೆ ಮೊಲೆಗೆ ಹಚ್ಚಬೇಕೆಂದು ಅಜ್ಜಿ ಹೇಳುವುದೂ ಒಂದೇ.

ಮರಿಗಳು ಬಂದ ಮೇಲೆ ಮನೆಯವರೆಲ್ಲರ ಬಾಯಲ್ಲೂ ಮೇಕೆಯ ಸುದ್ದಿಯೇ. ಅತ್ತೆಯವರು ತಮ್ಮ ಮದುವೆಯಾದ ಹೊಸದರಲ್ಲಿ ತವರಿನಿಂದ ಕೊಟ್ಟ ಒಂದು ಹೆಣ್ಣು ಮರಿಯಿಂದ ಹನ್ನೊಂದು ಮೇಕೆಯಾದ ಕಥೆಯನ್ನು, ಅದರಲ್ಲೇ ನಾದಿನಿಯ ಓಲೆ ಆದದ್ದನ್ನು ಮೊದಲ ಬಾರಿಗೆ ನನ್ನ ಮುಂದೆ ಹೇಳಿದರು. ಪೇಟೆಯವರೊಬ್ಬರು ಡೆಂಗಿ ಜ್ವರಕ್ಕೆಂದು ಮೇಕೆ ಹಾಲು ಕೇಳಿಕೊಂಡು ಬಂದರು. ಅದರಿಂದ ಪ್ಲೇಟ್‌ಲೆಟ್ ಏರುತ್ತದೆಂಬುದಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ. ಮರಿಗಳ ಹಾಲು ಕಿತ್ತು ಕೊಡುವುದು ನನಗೆ ಸರಿಕಾಣಲಿಲ್ಲ, ಆಸ್ಪತ್ರೆಗೆ ಹೋಗಿ ಎಂದು ಹೇಳಿ ಕಳಿಸಿದೆ.

2024ರ ಜನವರಿಯಲ್ಲಿ ಊರಿಗೆ ಲಸಿಕೆ ಹಾಕುವವರು ಬಂದರು. ಪಿ.ಪಿ.ಆರ್. ಎಂಬುದು ಆಡು ಕುರಿಗಳ ಪ್ಲೇಗ್. ಒಮ್ಮೆ ಲಸಿಕೆ ಹಾಕಿಸಿದರೆ ಸುಮಾರು ಮೂರು ವರ್ಷ ಕಾಯುತ್ತದೆ. ತಾಯಿ ಮೇಕೆಗೆ ಹಾಕಿಸಿದೆ. ಮರಿಗಳಿಗೆ ಆಗ ಎರಡೂವರೆ ತಿಂಗಳು, ನಾಲ್ಕು ತುಂಬಿದ ಮೇಲೆ ಆಸ್ಪತ್ರೆಗೆ ತನ್ನಿ ಎಂದರು. ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡೆ, ಕರೆದುಕೊಂಡು ಹೋಗಲಿಲ್ಲ. ಮೇ ತಿಂಗಳಲ್ಲಿ ಪಾಲಾಯಿತು. ಅಜ್ಜಿ ಗಂಡು ಮರಿಯನ್ನು ಆರಿಸಿಕೊಂಡರು. ಮೊಮ್ಮಗನಿಗೆ ಕಾಯಿಲೆಯಾದಾಗ ಸಿದ್ದಪ್ಪಾಜಿಗೆ ಹೊತ್ತ ಹರಕೆಯೊಂದು ಬಾಕಿಯಿತ್ತು. ಹೆಣ್ಣು ಮರಿ ನನ್ನದಾಯಿತು.

ಕೈಗೆ ಬಂದ ಒಂದು ಮರಿ ನನಗೆ ಧೈರ್ಯ ಕೊಟ್ಟಿತು, ಎಚ್ಚರಿಕೆ ಕೊಡಲಿಲ್ಲ. ಜೂನ್‌ನಲ್ಲಿ ಸಂಘದಿಂದ ಇಪ್ಪತ್ತು ಸಾವಿರ ಸಾಲ ತೆಗೆದು, ವಾರದ ಸಂತೆಯಲ್ಲಿ ಎರಡು ಹೆಣ್ಣು ಮೇಕೆ ಕೊಂಡು, ಅದೇ ಸಂಜೆ ಒಂದೇ ಕೊಟ್ಟಿಗೆಯಲ್ಲಿ ಕಟ್ಟಿದೆ. ಹೊಸದಾಗಿ ತಂದದ್ದನ್ನು ಎರಡು ಮೂರು ವಾರ ಬೇರೆ ಕಡೆ ಕಟ್ಟಿ ನೋಡಬೇಕೆಂಬುದು ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಬೇರೆ ಜಾಗ ಹುಡುಕುವ ಶ್ರಮ ತೆಗೆದುಕೊಳ್ಳಲಿಲ್ಲ. ಐದನೆಯ ದಿನ ಒಂದಕ್ಕೆ ಜ್ವರ, ಕಣ್ಣಲ್ಲಿ ಪಿಸುರು, ಮೂಗಿನಲ್ಲಿ ಗಟ್ಟಿ ಸುರಿಕೆ, ಬಾಯೊಳಗೆ ಹುಣ್ಣು, ಭೇದಿ. ನನ್ನ ಹೆಣ್ಣು ಮರಿಗೂ ತಗುಲಿತು. ಅದು ಒಂದು ರಾತ್ರಿ ಸತ್ತಿತು, ಬೆಳಗಾಗುವ ಮೊದಲೇ ಹಿತ್ತಿಲಿನಲ್ಲಿ ಹೂತುಬಿಟ್ಟೆವು. ಎರಡು ದಿನ ಬಿಟ್ಟು ಕೊಂಡು ತಂದ ಮೇಕೆಯೂ ಹೋಯಿತು. ಇನ್ನೊಂದು ವೈದ್ಯರ ಚಿಕಿತ್ಸೆಯಿಂದ ಉಳಿಯಿತು. ಲಸಿಕೆಯಾಗಿದ್ದ ತಾಯಿ ಮೇಕೆ, ಮತ್ತೆ ಗಬ್ಬವಾಗಿದ್ದ ಆ ಸ್ಥಿತಿಯಲ್ಲಿಯೂ, ಒಮ್ಮೆ ಕೆಮ್ಮಲೂ ಇಲ್ಲ. ಒಂದೇ ಕೊಟ್ಟಿಗೆ, ಒಂದೇ ಗಾಳಿ, ಒಂದೇ ನೀರಿನ ಬಾನಿ. ವ್ಯತ್ಯಾಸ ಒಂದು ಸೂಜಿಯದು. ನನ್ನ ಮರಿಯ ಸಾವು ನನ್ನ ಅಜಾಗ್ರತೆಯದೇ ಎಂದು ಆ ದಿನವೇ ಪುಸ್ತಕದಲ್ಲಿ ಬರೆದೆ.

ಸತ್ತ ಕುರಿ ಮೇಕೆಗೆ ಪರಿಹಾರ ಕೊಡುವ ಅನುಗ್ರಹ ಎಂಬ ಯೋಜನೆ ರಾಜ್ಯದಲ್ಲಿದೆ. ಬೆಳೆದ ಮೇಕೆಗೆ ಆಗ 5,000 ರೂಪಾಯಿ ಇತ್ತು. ಅದಕ್ಕೆ ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಿ ವರದಿ ಕೊಡಬೇಕು. ಮೇಕೆಗೆ ಅದು ಆಯಿತು, ಹೂತುಹಾಕಿದ ಮರಿಗೆ ಆಗಲಿಲ್ಲ. ಓದುವವರಲ್ಲಿ ಮೇಕೆ ಸಾಕುವವರಿದ್ದರೆ ಇದನ್ನು ನೆನಪಿಡಬೇಕು: ಎಷ್ಟೇ ಸಂಕಟವಾದರೂ ವೈದ್ಯರು ನೋಡುವವರೆಗೆ ಹೂಳಬಾರದು. ಅರ್ಜಿ ಹಿಡಿದು ಹೋದ ಕಚೇರಿಯಲ್ಲಿ ನನ್ನನ್ನು ನಾಲ್ಕು ಬಾರಿ ನಾಳೆ ಬನ್ನಿ ಎಂದು ಕಳಿಸಿದರು. ಒಂದು ದಿನದ ಕೂಲಿ ಮತ್ತು ಬಸ್ಸಿನ ಚಾರ್ಜು ಕಳೆದುಕೊಂಡು ಬರುವ ಹೆಂಗಸಿಗೆ ನಾಲ್ಕು ನಾಳೆಗಳ ಬೆಲೆ ಎಷ್ಟೆಂಬುದು ಮೇಜಿನ ಆಚೆ ಕುಳಿತವರಿಗೆ ತಿಳಿದಿರಬೇಕಿತ್ತು. ಹಣ ಕೊನೆಗೆ ಖಾತೆಗೆ ಬಂತು, ಸಂಘದ ಸಾಲದ ಕಾಲುಭಾಗ ತೀರಿತು.

ಆ ದಿನಗಳಲ್ಲೇ ಯಾರೋ ರಾಷ್ಟ್ರೀಯ ಜಾನುವಾರು ಮಿಷನ್ನಿನ ಸಹಾಯಧನದ ಬಗ್ಗೆ ಹೇಳಿದರು. ವಿಚಾರಿಸಿದೆ. ನೂರು ಹೆಣ್ಣು ಮತ್ತು ಐದು ಹೋತದಿಂದ ಅಲ್ಲಿ ಲೆಕ್ಕ ಶುರುವಾಗುತ್ತದೆ, ಯೋಜನಾ ವೆಚ್ಚದಲ್ಲಿ ಅರ್ಧ ಸಹಾಯಧನ. ನೂರು ಮೇಕೆಗೆ ಮೇವು ಬೆಳೆಯಲು ನೀರಾವರಿ ಜಮೀನು ಬೇಕು, ತನ್ನ ಪಾಲಿನ ಹಣ ಬೇಕು, ಬ್ಯಾಂಕು ನಂಬುವ ಆಸ್ತಿ ಬೇಕು. ಯೋಜನೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಎರಡು ಮೇಕೆ ಇದ್ದು ನಾಲ್ಕು ಮಾಡಿಕೊಳ್ಳಬೇಕೆನ್ನುವವಳಿಗೆ ಬೇಕಾದದ್ದು ಸಮಯಕ್ಕೆ ಸರಿಯಾಗಿ ಬರುವ ಲಸಿಕೆ, ಊರಿನಲ್ಲೇ ಇರುವ ಒಳ್ಳೆಯ ಹೋತ, ನಾಲ್ಕು ಗೋಡೆಯ ಒಂದು ಸಣ್ಣ ಶೆಡ್ಡು. ನಮ್ಮ ತಾಲ್ಲೂಕಿನ ಬಂಡೂರು ಕುರಿಯ ಹೆಸರು ದೇಶಕ್ಕೆಲ್ಲ ಗೊತ್ತು, ಬನ್ನೂರು ಕುರಿಯೆಂದು ಕೇಳಿ ಕೊಳ್ಳುತ್ತಾರೆ. ನಮ್ಮ ನಾಟಿ ಮೇಕೆಗೆ ಹೆಸರೇ ಇಲ್ಲ; ಒಳ್ಳೆಯ ಹೋತವೆಲ್ಲ ಮೊದಲು ಸಂತೆಗೆ ಹೋಗಿ, ಉಳಿದ ಬಡಕಲು ಹೋತವೇ ಊರಿಗೆಲ್ಲ ಆಗುತ್ತದೆ. ಈ ನಷ್ಟವನ್ನು ಲೆಕ್ಕ ಹಿಡಿಯುವವರನ್ನು ನಾನು ಕಂಡಿಲ್ಲ.

ಅಜ್ಜಿಯ ಹರಕೆ ತೀರಿದ್ದು 2025ರ ಜನವರಿಯಲ್ಲಿ. ಪುಷ್ಯ ಮಾಸದ ಹುಣ್ಣಿಮೆಯಂದು ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ ತೊಡಗುತ್ತದೆ. ಐದು ದಿನ ನಡೆಯುವ ಆ ಜಾತ್ರೆಯಲ್ಲಿ ಮೊದಲ ರಾತ್ರಿ ಚಂದ್ರಮಂಡಲ, ಮೂರನೆಯ ದಿನ ಮುಡಿ ಸೇವೆ, ನಾಲ್ಕನೆಯ ದಿನ ಪಂಕ್ತಿ ಸೇವೆ. ಮಂಡ್ಯ, ಮೈಸೂರು, ಚಾಮರಾಜನಗರದ ಕಡೆಯ ಒಕ್ಕಲುಗಳು ಬಿಡಾರ ಹೂಡಿ, ಮಾಂಸದಡುಗೆ ಮಾಡಿ, ಜಾತಿ ನೋಡದೆ ಸಾಲಾಗಿ ಕುಳಿತು ಉಣ್ಣುವುದೇ ಪಂಕ್ತಿ ಸೇವೆ. ರಾಜ್ಯದಲ್ಲಿ ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿಯನ್ನು ತಡೆಯುವ ಕಾಯ್ದೆ 1959ರಿಂದ ಇದೆ. ಅದರಂತೆ ಈಚಿನ ವರ್ಷಗಳಲ್ಲಿ ಜಾತ್ರೆಗೆ ಆಡು ಕೋಳಿ ಒಯ್ಯುವುದನ್ನು ತಡೆಯುತ್ತಾರೆ. ಇದು ಬಲಿಯಲ್ಲ, ಊಟ ಎಂಬುದು ಒಕ್ಕಲಿನವರ ವಾದ. ನನಗೆ ಎರಡೂ ಕಡೆಯ ಮಾತು ಅರ್ಥವಾಗುತ್ತದೆ. ದೇವರ ಹೆಸರಿನಲ್ಲಿ ಜೀವ ಹಿಂಸೆಯಾಗಬಾರದೆನ್ನುವುದು ತಪ್ಪಲ್ಲ. ಆದರೆ ಮದುವೆಯ ಮೇಲಿನ ಬೀಗರ ಊಟದಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಬಡವರು ಎಲ್ಲರನ್ನೂ ಕೂರಿಸಿ ಉಣ್ಣಿಸುವ ದಿನವೇ ಕೇಳುವುದು ನನಗೆ ನೋವು ತರುತ್ತದೆ.

ಅಜ್ಜಿಯ ಮನೆಯವರು ಮರಿಯನ್ನು ಜಾತ್ರೆಗೆ ಒಯ್ಯಲಿಲ್ಲ. ಮುಡಿ ಕೊಟ್ಟು, ಕಪ್ಪು ಧೂಳತ ಎಂಬ ದೇವರ ಬೂದಿಯನ್ನು ತಂದು, ಊರಿನಲ್ಲೇ ತಮ್ಮ ಮನೆಯ ಮುಂದೆ ಪಂಕ್ತಿ ಹಾಕಿದರು. ನನ್ನ ಕೈಯಲ್ಲಿ ಸೀನಿದ ಮರಿ ಈಗ ಹದಿನಾಲ್ಕು ತಿಂಗಳ ಹೋತ. ಅದಕ್ಕೆ ಮೈ ತೊಳೆದು, ಹಣೆಗೆ ಧೂಳತ ಇಟ್ಟು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, ಬೆನ್ನ ಮೇಲೆ ನೀರು ಚಿಮುಕಿಸಿದರು. ಅದು ಮೈ ಕೊಡವಿದರೆ ದೇವರು ಒಪ್ಪಿದ ಹಾಗೆ, ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಹೋತ ಹಾರದ ಹೂವು ತಿನ್ನುತ್ತ ನಿಂತಿತ್ತು. ಸುತ್ತ ನಿಂತ ನಲವತ್ತು ಜನರಲ್ಲಿ ಒಬ್ಬರೂ ಮಾತಾಡಲಿಲ್ಲ. ಎರಡನೆಯ ಬಾರಿ ನೀರು ಬಿದ್ದಾಗ ಕಿವಿಯಿಂದ ಬಾಲದವರೆಗೆ ಕೊಡವಿತು. ನಾನು ಒಳಗೆ ಹೋದೆ. ಮಧ್ಯಾಹ್ನ ಊರಿನ ಎಲ್ಲ ಕೇರಿಯವರೂ ಒಂದೇ ಸಾಲಿನಲ್ಲಿ ಕುಳಿತು ಮುದ್ದೆ ಉಂಡರು. ಬೇರೆ ದಿನ ಪರಸ್ಪರ ಮನೆಯ ಹೊಸ್ತಿಲು ದಾಟದವರೂ ಅಲ್ಲಿದ್ದರು. ಅದರ ಚರ್ಮವನ್ನು ತಮಟೆಯವರು ಕೇಳಿ ಪಡೆದರು. ಮಾರಿಹಬ್ಬದ ರಾತ್ರಿ ಅವರು ತಮಟೆಯನ್ನು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿ ಬಡಿದಾಗ ಅದರಲ್ಲಿ ಯಾವ ಮರಿಯ ಚರ್ಮವಿದೆಯೆಂದು ನಾನು ಕೇಳಲಿಲ್ಲ.

ಎರಡನೆಯ ಸೂಲು 2024ರ ಆಗಸ್ಟ್‌ನಲ್ಲಿ ಆಗಿತ್ತು, ಎರಡೂ ಗಂಡು. ಈ ಬಾರಿ ಲಸಿಕೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಕೆಂಪು ಮಸಿಯಲ್ಲಿ ಬರೆದು, ನಾಲ್ಕು ತುಂಬಿದ ವಾರವೇ ಆಸ್ಪತ್ರೆಗೆ ಹೊತ್ತುಕೊಂಡು ಹೋದೆ. ಆರಿಸುವ ಸರದಿ ನನ್ನದಾದ್ದರಿಂದ ಎದೆ ಅಗಲವಾಗಿದ್ದ ಕಪ್ಪು ಮರಿಯನ್ನು ತೆಗೆದುಕೊಂಡೆ. 2025ರ ಯುಗಾದಿ ಮಾರ್ಚ್ 30ಕ್ಕೆ ಬಿದ್ದಿತ್ತು. ಮಾರನೆಯ ದಿನ ಹೊಸತೊಡಕು, ಅದೇ ದಿನ ರಂಜಾನ್ ಹಬ್ಬ. ಹಿಂದೂಗಳ ಮನೆಗೂ ಮುಸಲ್ಮಾನರ ಮನೆಗೂ ಒಂದೇ ದಿನ ಮಾಂಸ ಬೇಕಾದ ವರ್ಷ ಎಂದು ವ್ಯಾಪಾರಿಗಳೂ ಸಾಕುವವರೂ ತಿಂಗಳ ಮೊದಲೇ ಲೆಕ್ಕ ಹಾಕಿದ್ದರು. ಹಬ್ಬದ ಹಿಂದಿನ ಸಂತೆಗೆ ಯಜಮಾನರ ಜೊತೆ ನಾನೂ ಹೋದೆ.

ಮೇಕೆಯ ಸಂತೆ ಬೆಳಕು ಹರಿಯುವ ಮೊದಲೇ ಸೇರಿ, ಬಿಸಿಲೇರುವಷ್ಟರಲ್ಲಿ ಚದುರಿಬಿಡುತ್ತದೆ. ವ್ಯಾಪಾರಿ ಮೊದಲು ತುಟಿ ಬಿಡಿಸಿ ಹಲ್ಲು ನೋಡುತ್ತಾನೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆಮೇಲೆ ಬಾಯಿಗೂಡಿದ್ದು. ನಂತರ ಬೆನ್ನಿನ ಕೊನೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ಹೆಬ್ಬೆರಳಿನಿಂದ ಒತ್ತುತ್ತಾನೆ. ಮೂಳೆ ಕೈಗೆ ಚುಚ್ಚಿದರೆ ಮಾಂಸ ಕಡಿಮೆ. ಕೊನೆಗೆ ಎರಡೂ ಕೈಯಲ್ಲಿ ಎತ್ತಿ ಇಳಿಸುತ್ತಾನೆ. ಮನೆಯಲ್ಲಿ ತಕ್ಕಡಿಗೆ ಹಾಕಿದಾಗ ನಮ್ಮ ಮರಿ 22 ಕೆ.ಜಿ. ಇತ್ತು. ಜೀವದ ತೂಕದಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಮಾಂಸ ಬೀಳುತ್ತದೆ, ಅಂದರೆ ಹತ್ತು ಕೆ.ಜಿ. ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ದಲ್ಲಾಳಿ ಹೆಗಲ ಟವೆಲನ್ನು ಯಜಮಾನರ ಕೈಮೇಲೆ ಹೊದಿಸಿ ಒಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಸೂಚಿಸಿದ. ಯಜಮಾನರು ನನ್ನ ಮುಖ ನೋಡಿ ತಲೆಯಾಡಿಸಿ ಕೈ ಎಳೆದುಕೊಂಡರು. ಮೂರನೆಯ ಬಾರಿಗೆ 10,200ಕ್ಕೆ ಮುಗಿಯಿತು. ವ್ಯಾಪಾರಿ ಮರಿಯ ಕೊರಳಿಗೆ ತನ್ನ ಹಗ್ಗ ಹಾಕಿಕೊಂಡ ಮೇಲೆ ನಮ್ಮದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟ. ಮಾರಿದ ಜೀವದ ಹಗ್ಗವನ್ನು ಕೊಡಬಾರದು, ಕೊಟ್ಟರೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆ ಎನ್ನುತ್ತಾರೆ. ಆ ಹಗ್ಗದಲ್ಲಿ ಮರಿಯ ಕತ್ತಿನ ಕೂದಲು ಅಂಟಿಕೊಂಡಿತ್ತು. ಹಣವನ್ನು ಯಜಮಾನರು ಎಣಿಸಿ ನನಗೇ ಕೊಟ್ಟರು.

ಹೊಸತೊಡಕಿನ ಬೆಳಿಗ್ಗೆ ನಮ್ಮ ಕೇರಿಯ ಗುಡ್ಡೆ ಬಾಡನ್ನು ನೋಡಿದವರಿಗೆ ಮೇಕೆಗೂ ಹಳ್ಳಿಗೂ ಇರುವ ನಂಟನ್ನು ಬೇರೆ ಹೇಳಬೇಕಾಗಿಲ್ಲ. ಹನ್ನೆರಡು ಮನೆಯವರು ವಾರಕ್ಕಿಷ್ಟೆಂದು ವರ್ಷವಿಡೀ ಚೀಟಿ ಕಟ್ಟಿ, ಆ ಹಣದಲ್ಲಿ ಆಡು ಕುರಿ ತಂದು, ನಸುಕಿನಲ್ಲೇ ಕೊಯ್ದು, ಹೊಂಗೆ ಸೊಪ್ಪು ಹಾಸಿದ ಟಾರ್ಪಾಲಿನ ಮೇಲೆ ಹನ್ನೆರಡು ಗುಡ್ಡೆ ಹಾಕುತ್ತಾರೆ. ತೊಡೆಯ ಮಾಂಸ ಹನ್ನೆರಡು ಪಾಲು, ಎಲುಬು ಹನ್ನೆರಡು ಪಾಲು. ಈಲಿಯನ್ನೂ ಹನ್ನೆರಡು ತುಂಡು ಮಾಡಿ ಒಂದೊಂದು ಗುಡ್ಡೆಯ ಮೇಲೆ ಇಡುತ್ತಾರೆ, ಬೋಟಿಯನ್ನು ಅಳೆದು ಕತ್ತರಿಸುತ್ತಾರೆ. ತಕ್ಕಡಿ ಇರುವುದಿಲ್ಲ, ಕಣ್ಣಳತೆ. ಯಾವ ಗುಡ್ಡೆ ಯಾರದೆಂದು ಹಂಚಿದವನೇ ಹೇಳುವಂತಿಲ್ಲ; ಒಬ್ಬ ಹುಡುಗನನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಗುಡ್ಡೆ ಮುಟ್ಟಿ ಇದು ಯಾರಿಗೆ ಎಂದು ಕೇಳುತ್ತಾರೆ, ಅವನು ಹೆಸರು ಕೂಗುತ್ತಾನೆ. ಇಪ್ಪತ್ತು ಎಕರೆಯವರ ಮನೆಗೂ ಕೂಲಿಯವರ ಮನೆಗೂ ಒಂದೇ ಗಾತ್ರದ ಗುಡ್ಡೆ ಹೋಗುತ್ತದೆ.

ಜೂನ್ ತಿಂಗಳಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡರು. ಮರಿ ಎಳೆದು ತೆಗೆದ ಅದೇ ಬಲಗೈ. ಪ್ಲೇಟು ಹಾಕಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಕೈಗೆ ಬಿಳಿ ಕಟ್ಟು ಕಟ್ಟಿಕೊಂಡೇ ನಮ್ಮ ಜಗಲಿಗೆ ಬಂದು ಕುಳಿತು, ತಾಯಿ ಮೇಕೆಯನ್ನು ಮಾರಬೇಕು, ವ್ಯಾಪಾರಿ 11,000 ಎಂದಿದ್ದಾನೆ, ಸಾಕಿದವಳನ್ನು ಕೇಳದೆ ಕೊಡುವುದು ಹೇಗೆ ಎಂದರು. ಮೇಕೆ ಮತ್ತೆ ಎರಡು ತಿಂಗಳ ಗಬ್ಬವಾಗಿತ್ತು. ಕಟುಕರ ಕೈಗೆ ಅದು ಹೋಗುವುದನ್ನು ನೆನೆಯಲೂ ನನಗೆ ಆಗಲಿಲ್ಲ. ಮರಿ ಮಾರಿದ ಹಣದಲ್ಲಿ ಸಾಲದ ಕಂತು ಕಟ್ಟಿ ಉಳಿದಿದ್ದದ್ದಕ್ಕೆ ಗೊಬ್ಬರ ಮಾರಿದ್ದನ್ನು ಸೇರಿಸಿ, ಸಂಘದಿಂದ ಸ್ವಲ್ಪ ತೆಗೆದು, 13,000 ತಂದು ಅವರ ಮುಂದಿಟ್ಟೆ. ಗಬ್ಬದ ಮೇಕೆಗೆ ಸಂತೆಯಲ್ಲಿ ಅಷ್ಟು ಬೆಲೆಯಿತ್ತು. ಅಜ್ಜಿ ಎಡಗೈಯಲ್ಲಿ ನೋಟು ಎಣಿಸಿ ಒಂದು ಸಾವಿರವನ್ನು ನನ್ನ ಕಡೆಗೆ ತಳ್ಳಿದರು.

"ಹೊಟ್ಟೇಲಿರದ್ರಲ್ಲಿ ಅರ್ಧ ನಿಂದೆಯಾ ಕಣವ್ವ. ನಿಂದ ನಿಂಗೇ ಮಾರಕ್ಕಾಯ್ತದಾ?"

ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ. 12,000 ಎಂದು ಪುಸ್ತಕದಲ್ಲಿ ಬರೆದೆ. ಆಮೇಲೆ ಅವರು ಕೊಟ್ಟಿಗೆಗೆ ಹೋಗಿ, ನಾನು ಸಹಾಯಕ್ಕೆ ಬಂದರೂ ಬೇಡವೆಂದು, ಒಂದೇ ಕೈಯಲ್ಲಿ ಬಹಳ ಹೊತ್ತು ಹೆಣಗಿ ಮೇಕೆಯ ಕೊರಳಿನ ಗಂಟು ಬಿಚ್ಚಿ, ತಮ್ಮ ಹಗ್ಗವನ್ನು ಸುತ್ತಿಕೊಂಡು ಮನೆಗೆ ಹೋದರು. ಮೇಕೆ ಗೂಟದ ಪಕ್ಕದಲ್ಲೇ, ಕಟ್ಟಿಲ್ಲದೆ, ಸೊಪ್ಪು ತಿನ್ನುತ್ತ ನಿಂತಿತ್ತು. ನಾನು ಒಳಗಿನಿಂದ ಹೊಸ ಹಗ್ಗ ತಂದು ಕಟ್ಟಿದೆ.